ನೀಲಿ ಗಾಡಿಯ ಅರ್ಧ ನಿಮಿಷ

ನಿಮಿಷಮ್ಮ ಎಂದು ಅವಳಿಗೆ ಹೆಸರಿಟ್ಟವರು ಆಫೀಸಿನವರಲ್ಲ, ಸ್ವಂತ ಅತ್ತೆ. ಒಲೆಯ ಮೇಲೆ ಹಾಲಿಟ್ಟು, "ಉಕ್ಕೋಕೆ ಇನ್ನೂ ಎರಡು ನಿಮಿಷ ಇದೆ ಅತ್ತೆ" ಎಂದು ಸೊಸೆ ಬಾಲ್ಕನಿಗೆ ಹೋಗಿ ಬಟ್ಟೆ ಮಡಚಿಟ್ಟು, ಹಾಲು ಪಾತ್ರೆಯ ಕಂಠಕ್ಕೆ ಬರುವ ಹೊತ್ತಿಗೆ ಸರಿಯಾಗಿ ಬಂದು ಒಲೆ ಆರಿಸುವುದನ್ನು ನೋಡಿ ನೋಡಿ ಮುದುಕಿಗೆ ರೇಗಿಹೋಗಿತ್ತು. "ಒಂದು ದಿನ ಆದ್ರೂ ಉಕ್ಕಿ ಇವಳ ಜಂಬ ಇಳಿಸಬಾರದಾ ಈ ಹಾಲು!" ಎಂದು ಗೊಣಗುತ್ತಿದ್ದರು. ಹಾಲು ಉಕ್ಕಲಿಲ್ಲ. ಹೆಸರು ಮಾತ್ರ ಮೆಟ್ಟಿಲಿಳಿದು ಆಫೀಸಿನವರೆಗೂ ಹೋಯಿತು. ಹೋಗಿದ್ದು ಗಂಡನ ಬಾಯಿಂದಲೇ.

ಅವಳ ಕೆಲಸ ನೆಲದಡಿಯ ರೈಲುಗಳಿಗೆ ವೇಳಾಪಟ್ಟಿ ಬರೆಯುವುದು. ಊರಿನ ಕೆಳಗೆ ನೀಲಿ, ಹಸಿರು, ಹಳದಿ ಅಂತ ಮೂರು ದಾರಿಗಳು. ಮೂರೂ ಬೇರೆ ಬೇರೆ ಬಡಾವಣೆಗಳಿಂದ ಹೊರಟು, ನದಿಯ ದಡದ ಹತ್ತಿರ ಒಂದು ಜಂಕ್ಷನ್ನಿನಲ್ಲಿ ಸೇರಿ, ನದಿಯ ಕೆಳಗಿನ ಒಂದೇ ಸುರಂಗಕ್ಕೆ ಒಂದರ ಹಿಂದೆ ಒಂದು ನುಗ್ಗಬೇಕು. ರಸ್ತೆಯ ಬಸ್ಸಿನವನಾದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಾನು. ಹಳಿಯ ಮೇಲಿನ ಗಾಡಿ ಎಲ್ಲಿಗೆ ಸರಿಯಬೇಕು? ಒಂದು ದಾಟುವವರೆಗೆ ಇನ್ನೊಂದು ಕಾಯಲೇಬೇಕು. ಕಾಯುವುದಾದರೆ ಹಿಂದಿನ ನಿಲ್ದಾಣದ ಬೆಳಕಿನಲ್ಲಿ ಕಾಯಲಿ, ಕತ್ತಲ ಸುರಂಗದಲ್ಲಿ ಬೇಡ ಎಂದು, ಎರಡನೆಯದಾಗಿ ಬರುವ ಗಾಡಿಗೆ ಆ ನಿಲ್ದಾಣದಲ್ಲಿ ಅರ್ಧ ನಿಮಿಷ ಹೆಚ್ಚಿಗೆ ಬರೆಯುತ್ತಾರೆ. ಅದಕ್ಕೆ ಆಫೀಸಿನವರು 'ಉಸಿರು' ಎನ್ನುತ್ತಾರೆ. ಉಸಿರು ಇಡಬೇಕೆಂದು ಕಾಯಿದೆಯೇನಿಲ್ಲ, ರೂಢಿ ಅಷ್ಟೆ. ಇಡದಿದ್ದರೆ ಗಾಡಿಗೆ ಗಾಡಿ ಗುದ್ದುವುದೂ ಇಲ್ಲ. ಸಿಗ್ನಲ್ ಕೆಂಪಾಗುತ್ತದೆ, ಗಾಡಿ ಜಂಕ್ಷನ್ನಿನ ಈಚೆಗೆ ಸುರಂಗದಲ್ಲೇ ನಿಲ್ಲುತ್ತದೆ.

"ನಿಂತ್ರೆ ಏನಾಗುತ್ತೆ ಬಿಡಿ ಅಕ್ಕ" ಎನ್ನುವವನು ಹಸಿರಣ್ಣ. ಹಸಿರು ದಾರಿಯ ಪಟ್ಟಿ ಅವನದು, ನೀಲಿಯದು ಇವಳದು. ಇಬ್ಬರ ಮೇಜೂ ಎದುರುಬದುರು. ಒಳ್ಳೆಯ ಮನುಷ್ಯ, ಬಾಯಿ ತುಂಬ ಮಾತು, ಡ್ರಾಯರ್ ತುಂಬ ಬಿಸ್ಕತ್ತು. ಉಸಿರು ಇಡುವ ವಿಷಯದಲ್ಲಿ ಮಾತ್ರ ಮಹಾ ಸೋಮಾರಿ. "ಜನ ಫೋನ್ ನೋಡ್ತಾ ಇರ್ತಾರೆ, ನಿಂತಿದ್ದೂ ಗೊತ್ತಾಗಲ್ಲ" ಎಂದು ನಗುತ್ತಿದ್ದ. ಹಾಗಾಗಿ ಹಸಿರು ಗಾಡಿಗಳು ದಿನಾ ಬೆಳಿಗ್ಗೆ, ದಿನಾ ಸಂಜೆ ಆ ಕತ್ತಲಲ್ಲಿ ನಿಲ್ಲುತ್ತಿದ್ದವು. ನಿಮಿಷಮ್ಮ ಅದಕ್ಕೆ ತುಟಿ ಬಿಚ್ಚುತ್ತಿರಲಿಲ್ಲ. ನೀಲಿ ಮೊದಲು, ಹಸಿರು ಆಮೇಲೆ ಎಂಬ ಸರದಿ ಹಾಕಿದವಳು ಅವಳೇ. ಯಾರಾದರೊಬ್ಬರು ನಿಲ್ಲಲೇಬೇಕಲ್ಲ, ನಿಲ್ಲುವವನು ನನ್ನ ಗಂಡನಾಗದಿದ್ದರೆ ಸಾಕು ಅನ್ನುವುದು ಅವಳ ಲೆಕ್ಕ.

ಹೌದು, ಗಂಡ ನೀಲಿ ಗಾಡಿಯ ಡ್ರೈವರು. "ಹೆಂಡ್ತಿ ಬರೆದ ಹಾಗೆ ಕುಣಿಯೋ ಗಂಡಸರು ಬೇಕಾದಷ್ಟು ಇದ್ದಾರೆ, ಸಂಬಳ ತಗೊಂಡು ಕುಣಿಯೋನು ನಾನೊಬ್ನೇ" ಎಂದು ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ ಆಸಾಮಿ. ಅದು ಹೊಗೆಯ ದಿನಕ್ಕಿಂತ ಮುಂಚಿನ ಮಾತು.

ಹೊಗೆಯ ದಿನ ಅವನ ಗಾಡಿ ನದಿಯ ಕೆಳಗೆ ನಿಂತುಹೋಗಿತ್ತು. ಎಲ್ಲೋ ಕೇಬಲ್ ಸುಟ್ಟು ಸುರಂಗದ ತುಂಬ ಹೊಗೆ. ದೀಪಗಳೂ ಹೋದವು. ಜನ ಕ್ಯಾಬಿನ್ನಿನ ಬಾಗಿಲನ್ನು ಬಡಿದು ಬಡಿದು ಕೂಗಿಕೊಂಡರು. ತೆಗೆದು ಕೆಳಗಿಳಿಸೋಣವೆಂದರೆ ಅಲ್ಲಿ ಕರೆಂಟು ಹರಿಯುವ ಹಳಿ, ಕಾಲಿಟ್ಟವರು ಸುಟ್ಟುಹೋಗುತ್ತಾರೆ. ಕರೆಂಟು ತೆಗೆದ ಸುದ್ದಿ ಬರುವವರೆಗೂ ಅವನು ಎರಡೂ ಕೈಯಲ್ಲಿ ಬಾಗಿಲನ್ನು ಅದುಮಿ ಹಿಡಿದು ನಿಂತಿದ್ದ. ಎಲ್ಲರೂ ಬದುಕಿ ಬಂದರು. ಆಫೀಸಿನವರು ಹೂಗುಚ್ಛ ಕೊಟ್ಟರು. ಡಾಕ್ಟರು "ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದರು. ಇವನು "ಚೆನ್ನಾಗಿದ್ದೀನಿ ಸರ್" ಎಂದ. ಅವನು ಇನ್ನೇನು ತಾನೇ ಹೇಳುತ್ತಿದ್ದ!

ಎಲ್ಲಿಯ ಚೆನ್ನ! ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದ. ಬಚ್ಚಲ ಬಾಗಿಲು ಹಾಕದೆ ಸ್ನಾನ ಮಾಡಲು ಶುರುಮಾಡಿದ. ಒಂದು ಭಾನುವಾರ ಮಧ್ಯಾಹ್ನ ಅತ್ತೆ, ಬಾಗಿಲು ಯಾಕೆ ತೆರೆದುಬಿದ್ದಿದೆ ಎಂದು ಗೊಣಗುತ್ತಾ ಬಂದು ಹೊರಗಿನಿಂದ ಚಿಲಕ ಹಾಕಿಬಿಟ್ಟರು. ಒಳಗೆ ಮಗನಿದ್ದ. ತುಕ್ಕು ತಿಂದ ಚಿಲಕ, ಸಿಕ್ಕಿಕೊಂಡಿತು. ಒಳಗಿನಿಂದ ಬಂದ ಆ ಸದ್ದನ್ನು ಕೇಳಿ ಮುದುಕಿ ಬಾಯಿ ಬಡಿದುಕೊಳ್ಳುತ್ತಾ ಪಕ್ಕದ ಮನೆಗೆ ಸುತ್ತಿಗೆ ತರಲು ಓಡಿದರು. ನಿಮಿಷಮ್ಮನಿಗೆ ದಿಕ್ಕು ತೋಚಲಿಲ್ಲ. ಬಾಗಿಲಿನ ಸಂದಿಗೆ ಬಾಯಿಟ್ಟು, ತನಗೆ ಚೆನ್ನಾಗಿ ಗೊತ್ತಿರುವ ಒಂದೇ ಸಂಗತಿಯನ್ನು ಹೇಳತೊಡಗಿದಳು. "ರೀ, ಈಗ ಹಳದಿ ಹಳೇ ಸೇತುವೆ ಬಿಡ್ತು. ನೀಲಿ ಗಿರಣಿ ನಿಲ್ದಾಣಕ್ಕೆ ಬಂತು. ಬಾಗಿಲು ತೆಗೀತು. ಜನ ಇಳೀತಿದ್ದಾರೆ. ಬಾಗಿಲು ಹಾಕ್ತು. ಈಗ ಹೊರಟಿತು ರೀ..." ಒಳಗೆ ಕೆರೆಯುವ ಸದ್ದು ನಿಧಾನವಾಗಿ ನಿಂತಿತು. ಚಿಲಕ ಒಡೆದು ತೆಗೆದಾಗ ಅವನು ಒದ್ದೆ ನೆಲದ ಮೇಲೆ ಕೂತು, "ಮುಂದಿಂದು ಯಾವ್ದು?" ಎಂದು ಕೇಳುತ್ತಿದ್ದ. ಉಗುರುಗಳಲ್ಲಿ ರಕ್ತವಿತ್ತು.

ಓಡುವ ಗಾಡಿಯಲ್ಲಿ ಅವನಿಗೆ ಭಯವಿಲ್ಲ. ಸುರಂಗದಲ್ಲಿ ನಿಂತರೆ ಮಾತ್ರ ಅವನು ಅವನಾಗಿ ಉಳಿಯುವುದಿಲ್ಲ. ಕ್ಯಾಬಿನ್ನಿನ ಬಾಗಿಲು ತೆಗೆದು ಹಳಿಯ ಮೇಲೆ ಇಳಿದುಬಿಡುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಸಾವಿರ ಜನರನ್ನು ಹೊತ್ತ ಗಾಡಿಯ ವಿಷಯವನ್ನು ಹೀಗೆ ಮುಚ್ಚಿಡುವುದು ತಪ್ಪಲ್ಲವೇ ಎಂದರೆ, ತಪ್ಪೇ. ಆದರೆ ಹೇಳಿದರೆ ಗಾಡಿಯಿಂದ ಇಳಿಸುತ್ತಾರೆ. ಇಳಿಸಿದರೆ ಮನುಷ್ಯ ಕುಸಿದುಹೋಗುತ್ತಾನೆ. ಹೆದರಿದವರು ಏನು ಮಾಡುತ್ತಾರೋ ಅವಳೂ ಅದನ್ನೇ ಮಾಡಿದಳು, ಎಲ್ಲವನ್ನೂ ಹೊಟ್ಟೆಯಲ್ಲಿ ಹಾಕಿಕೊಂಡು ಪಟ್ಟಿ ಬರೆಯುತ್ತಾ ಹೋದಳು. ಅವಳ ಪಟ್ಟಿಯಲ್ಲಿ ನೀಲಿ ಗಾಡಿ ಸುರಂಗದಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

ಆಮೇಲೆ ಹೊಸ ಮೇಲಧಿಕಾರಿ ಬಂದರು. ಬೆಳಗಿನ ಹೊತ್ತು ಹಸಿರು ದಾರಿಯಲ್ಲೇ ಜನ ಹೆಚ್ಚು, ಆದ್ದರಿಂದ ಬೆಳಿಗ್ಗೆ ಹಸಿರು ಮೊದಲು, ನೀಲಿ ಆಮೇಲೆ. ಸಂಜೆ ಹಳೆಯ ಸರದಿಯೇ ಇರಲಿ ಎಂದರು. ನ್ಯಾಯವಾದ ಮಾತು. ಎದುರಾಡಲು ಅವಳ ಬಳಿ ಹೇಳಬಹುದಾದ ಕಾರಣವೊಂದೂ ಇರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಬೆಳಗಿನ ಪ್ರತಿಯೊಂದು ನೀಲಿ ಗಾಡಿಗೂ ಜಂಕ್ಷನ್ನಿಗಿಂತ ಹಿಂದಿನ ಗಿರಣಿ ನಿಲ್ದಾಣದಲ್ಲಿ ಉಸಿರು ಇಟ್ಟಳು. ಹಸಿರು ದಾಟಿದ ಮೇಲೆಯೇ ನೀಲಿ ಪ್ಲಾಟ್‌ಫಾರಂ ಬಿಡಬೇಕು, ಹಾಗೆ. ಒಂದಲ್ಲ ನಾಲ್ಕು ಸಲ ನೋಡಿದಳು. ನೋಡಿ, ಮೂರು ದಾರಿಯ ಪಟ್ಟಿಗಳನ್ನು ಒಂದಾಗಿ ಜೋಡಿಸುವ ಕೆಲಸಕ್ಕೆ ಹಸಿರಣ್ಣನ ಕೈಗೆ ಕೊಟ್ಟಳು. ಈ ಸಲ ಜೋಡಿಸುವ ಸರದಿ ಅವನದಾಗಿತ್ತು.

ಹೊಸ ಪಟ್ಟಿ ಶುರುವಾಗುವ ದಿನ ಅದನ್ನು ಬರೆದವರೇ ಕಂಟ್ರೋಲ್ ರೂಮಿನಲ್ಲಿ ಕೂತು ಬೆಳಗಿನ ನೂಕುನುಗ್ಗಲು ಮುಗಿಯುವವರೆಗೆ ನೋಡಬೇಕು. "ಅಡುಗೆ ಮಾಡಿದೋರು ಮೊದಲು ತಿನ್ಬೇಕು" ಎನ್ನುತ್ತಾರೆ ಕಂಟ್ರೋಲರಮ್ಮ. ಆಕೆ ಆ ಕೋಣೆಯ ಯಜಮಾನಿ, ದಪ್ಪ ಕನ್ನಡಕದ ಹಿರಿಯ ಹೆಂಗಸು. ಗಾಡಿಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಹಕ್ಕು ಆಕೆಯೊಬ್ಬಳದೇ. ಆಕೆ ಮಾತಾಡಿದರೆ ಮೂರೂ ದಾರಿಯ ಡ್ರೈವರುಗಳಿಗೆಲ್ಲ ಕೇಳಿಸುತ್ತದೆ. ಎದುರಿನ ಗೋಡೆಯ ತುಂಬ ಬೋರ್ಡು, ಬೋರ್ಡಿನ ತುಂಬ ಹಳಿಗಳ ಗೆರೆ, ಗೆರೆಯ ಮೇಲೆ ಬಣ್ಣ ಬಣ್ಣದ ದೀಪಗಳು ಮುಂದೆ ಮುಂದೆ ಹೋಗುತ್ತಿರುತ್ತವೆ. ಪ್ರತಿ ಗಾಡಿಗೂ ಒಂದು ದೀಪ. ನೀಲಿ ಏಳು ಎಂಬುದು ಅವಳ ಗಂಡ.

ಆ ದಿನ ಬೆಳಿಗ್ಗೆ ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಹಸಿರು ಹೋಯಿತು, ನೀಲಿ ಗಿರಣಿಯಲ್ಲಿ ಕಾದು ಹೊರಟಿತು, ಹಳದಿ ಹಿಂಬಾಲಿಸಿತು. ನಿಮಿಷಮ್ಮ ತಂದಿದ್ದ ಟೀ ಕುಡಿಯುವಷ್ಟು ಧೈರ್ಯ ಮಾಡಿದಳು. ಪಕ್ಕದಲ್ಲಿ ಕೂತಿದ್ದ ಹಸಿರಣ್ಣ ಬಿಸ್ಕತ್ತಿನ ಪೊಟ್ಟಣ ಮುಂದಕ್ಕೆ ಚಾಚಿ ಕಣ್ಣು ಹೊಡೆದ.

"ನಿಮ್ಮ ಯಜಮಾನ್ರಿಗೆ ಒಂದು ಉಡುಗೊರೆ ಕೊಟ್ಟಿದ್ದೀನಿ ಅಕ್ಕ."

"ಏನಪ್ಪಾ ಅದು?"

"ಅಮ್ಮನಿಗೆ ಹುಷಾರಿಲ್ಲದಾಗ ನನ್ನ ಕೆಲ್ಸಾನೂ ನೀವೇ ಮಾಡಿದ್ರಲ್ಲ, ಅದಕ್ಕೆ. ಗಿರಣೀಲಿ ನೀಲಿ ಗಾಡಿಗಳೆಲ್ಲ ಸುಮ್ನೆ ನಿಲ್ತಾವಲ್ಲ ಅರ್ಧ ನಿಮಿಷ, ಅವರ ಗಾಡಿ ಒಂದಕ್ಕೆ ಮಾತ್ರ ಅದನ್ನ ತೆಗೆದುಹಾಕಿದೆ. ಜಂಕ್ಷನ್ ತನಕ ಹೋಗಿ ಹಸಿರಿನ ಬಾಲ ಹಿಡ್ಕೊಂಡೇ ದಾಟಬಹುದು. ಕೊನೇ ನಿಲ್ದಾಣದಲ್ಲಿ ಆರಾಮಾಗಿ ಟೀ ಕುಡೀಲಿ ಅಂತ!"

ಅವಳು ಬೋರ್ಡಿನ ಕಡೆ ತಿರುಗಿದಳು. ನೀಲಿ ಏಳು ಗಿರಣಿಯನ್ನು ಆಗಲೇ ಬಿಟ್ಟಿತ್ತು.

ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಮಗುಚಿ ಬಿತ್ತು. "ಅಯ್ಯೋ, ಏನ್ ಮಾಡಿಬಿಟ್ಟೆಯೋ..." ಎಂದಳು. ಅವನಿಗೆ ಅರ್ಥವಾಗಲಿಲ್ಲ. ಪಾಪ, ಅವನಿಗೆ ಹೇಗೆ ಅರ್ಥವಾಗಬೇಕು? ಜೀವಮಾನದಲ್ಲಿ ಒಂದು ಉಸಿರನ್ನೂ ಇಟ್ಟವನಲ್ಲ. ಅರ್ಧ ನಿಮಿಷ ಅಂದರೆ ಅವನ ಪಾಲಿಗೆ ಒಂದು ಗುಟುಕು ಟೀ.

ಚೂರು ನಿಂತು ಹೋಗುತ್ತದೆ, ಅಷ್ಟರೊಳಗೆ ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಗ ಮುಂದಿದ್ದ ಹಸಿರು ಗಾಡಿಯ ದೀಪ ಜಂಕ್ಷನ್ನಿಗೆ ಅಂಟಿಕೊಂಡೇ ಇರುವ ಆಸ್ಪತ್ರೆ ನಿಲ್ದಾಣದಲ್ಲಿ ನಿಂತಿತು. ಹೊರಡಲಿಲ್ಲ. ಆ ಗಾಡಿಯ ಬಾಲ ಇನ್ನೂ ಜಂಕ್ಷನ್ನಿನ ಮೇಲೆಯೇ ಇತ್ತು.

ಕಂಟ್ರೋಲರಮ್ಮ ಮೈಕ್ ಒತ್ತಿದರು. "ಹಸಿರು ಒಂಬತ್ತು, ಯಾಕೆ ನಿಂತ್ರಿ?"

"ಯಾರದೋ ಚೀಲ ಬಾಗಿಲಿಗೆ ಸಿಕ್ಕಿಕೊಂಡಿದೆ ಮೇಡಂ. ಬಾಗಿಲು ತೆಗೆಯೋಕೂ ಆಗ್ತಿಲ್ಲ, ಹಾಕೋಕೂ ಆಗ್ತಿಲ್ಲ. ನೋಡ್ತಿದ್ದಾರೆ."

ನೀಲಿ ಏಳರ ದೀಪ ಜಂಕ್ಷನ್ನಿನ ಈಚೆಗೆ ಬಂದು, ನದಿಯ ಅಂಚಿನ ಕತ್ತಲಲ್ಲಿ, ನಿಂತುಬಿಟ್ಟಿತು.

ನಿಮಿಷಮ್ಮನಿಗೆ ಒಂದೇ ಯೋಚನೆ, ಈಗ ಏನು ಮಾಡುತ್ತಿದ್ದಾನೆ? ಕೂತಿದ್ದಾನೋ, ಎದ್ದಿದ್ದಾನೋ? ಬಾಯಿ ಬಿಟ್ಟರೆ ಅವನ ಕೆಲಸ ಹೋಗುತ್ತದೆ. ಬಿಡದಿದ್ದರೆ ಅವನೇ ಹೋಗುತ್ತಾನೆ. ಇಷ್ಟು ದಿನ ಬಚ್ಚಿಟ್ಟಿದ್ದನ್ನು ಇನ್ನೊಂದು ಕ್ಷಣ, ಇನ್ನೊಂದೇ ಕ್ಷಣ ತಡೆದು ನೋಡೋಣ, ಅಷ್ಟರಲ್ಲಿ ಚೀಲ ಬಿಟ್ಟುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವಳ ಹೆದರಿದ ಮನಸ್ಸು ಆಗಲೂ ಅಂಗಲಾಚುತ್ತಿತ್ತು.

"ನೀಲಿ ಏಳು, ಮುಂದೆ ಹಸಿರು ನಿಂತಿದೆ, ಕಾಯಿರಿ" ಎಂದರು ಕಂಟ್ರೋಲರಮ್ಮ. "ನೀಲಿ ಏಳು? ಕೇಳಿಸ್ತಾ?"

ಉತ್ತರ ಬರಲಿಲ್ಲ. ಬಂದದ್ದು ಏದುಸಿರು. ಓಡಿ ಓಡಿ ಬಂದವರು ಬಿಡುವ ಹಾಗೆ. ಅದರ ಹಿಂದೆಯೇ ಬೋರ್ಡಿನಲ್ಲಿ ನೀಲಿ ಏಳರ ಪಕ್ಕಕ್ಕೆ ಒಂದು ಸಣ್ಣ ಕೆಂಪು ದೀಪ ಹತ್ತಿತು.

"ಕ್ಯಾಬಿನ್ ಬಾಗಿಲು ತೆಗೆದಿದ್ದಾರೆ!" ಹಸಿರಣ್ಣ ಎದ್ದು ನಿಂತ. "ಯಾಕೆ ತೆಗೆದ್ರು? ಕೆಳಗೆ ಕರೆಂಟ್ ಇದೆಯಲ್ಲ!"

"ಮೇಡಂ, ಮೈಕ್ ಕೊಡಿ" ಎಂದಳು ನಿಮಿಷಮ್ಮ. ಸ್ವರ ಕೀರಲಾಗಿತ್ತು. "ಅವರು ನಮ್ಮ ಮನೆಯವರು. ಹೊಗೆ ತುಂಬಿದ ದಿನದಿಂದ ಅವರಿಗೆ ಸುರಂಗದಲ್ಲಿ ನಿಂತ್ರೆ ಆಗಲ್ಲ. ಇಳಿದುಬಿಡ್ತಾರೆ. ನನಗೆ ಗೊತ್ತಿತ್ತು ಮೇಡಂ. ಗೊತ್ತಿದ್ದೂ ಹೇಳಿಲ್ಲ. ಆಮೇಲೆ ಏನ್ ಬೇಕಾದ್ರೂ ಮಾಡಿ, ಈಗ ಮೈಕ್ ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಕಂಟ್ರೋಲರಮ್ಮ ಒಂದು ಸಲ ಅವಳ ಮುಖ ನೋಡಿದರು. ಒಂದು ಕೈಯಲ್ಲಿ ಆ ದಾರಿಯ ಕರೆಂಟು ತೆಗೆಯಲು ಫೋನ್ ಎತ್ತಿಕೊಂಡರು, ಇನ್ನೊಂದು ಕೈಯಲ್ಲಿ ಮೈಕನ್ನು ಅವಳ ಕಡೆ ತಳ್ಳಿದರು. "ಕರೆಂಟ್ ಹೋಗೋಕೆ ಸ್ವಲ್ಪ ಹೊತ್ತು ಬೇಕು. ಹಿಡ್ಕೋ ಅವನನ್ನ."

"ರೀ" ಎಂದಳು.

ಏದುಸಿರು.

"ರೀ, ನಾನು. ಬೋರ್ಡಿನ ಮುಂದೆ ಕೂತಿದ್ದೀನಿ. ಹಸಿರು ಗಾಡಿ ಆಸ್ಪತ್ರೆ ನಿಲ್ದಾಣದಲ್ಲಿದೆ. ಯಾರದೋ ಚೀಲ ಬಾಗಿಲಿಗೆ ಸಿಕ್ಕಿಕೊಂಡಿದೆ. ಬೆಂಕಿ ಇಲ್ಲ. ಹೊಗೆ ಇಲ್ಲ. ಒಂದು ಚೀಲ ಅಷ್ಟೇ ರೀ."

ಬಹಳ ಹೊತ್ತಿನ ಮೇಲೆ ಒಂದು ಸ್ವರ ಬಂತು. ಅದು ಅವಳ ಗಂಡನದೆಂದು ಬೇರೆಯವರು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. "ಎಷ್ಟು ಹೊತ್ತು?"

ಹಾಲು ಉಕ್ಕುವ ಹೊತ್ತು ಹೇಳುವವಳು, ಬಚ್ಚಲ ಬಾಗಿಲಿಗೆ ಬಾಯಿಟ್ಟು ಊರಿನ ಗಾಡಿಗಳನ್ನೆಲ್ಲ ಒಪ್ಪಿಸಿದವಳು. "ಇನ್ನು ಒಂದೇ ನಿಮಿಷ" ಎಂಬ ಮಾತು ತುದಿನಾಲಿಗೆಗೆ ಬಂತು. ಆ ನಿಮಿಷ ಕಳೆದೂ ಗಾಡಿ ಹೊರಡದಿದ್ದರೆ? ಆಮೇಲೆ ಅವನು ಅವಳ ಯಾವ ಮಾತನ್ನೂ ಕೇಳುವುದಿಲ್ಲ.

"ಗೊತ್ತಿಲ್ಲ ರೀ" ಎಂದಳು. "ನನಗೇ ಗೊತ್ತಿಲ್ಲ. ನನಗೂ ಭಯ ಆಗ್ತಿದೆ. ಗೊತ್ತಾದ ತಕ್ಷಣ ಮೊದಲು ನಿಮಗೇ ಹೇಳ್ತೀನಿ. ಈಗ ಹಳಿಯಲ್ಲಿ ಕರೆಂಟ್ ಇದೆ. ಕಾಲು ಒಳಗೇ ಇರಲಿ. ಒಳಗೇ ಇದೆಯಾ?"

"...ಮೆಟ್ಟಿಲ ಮೇಲಿದ್ದೀನಿ."

ಹಸಿರಣ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ಅಲ್ಲೇ ಕೂತ್ಕೊಳ್ಳಿ. ಇಳೀಬೇಡಿ. ಕೇಳಿ. ನಿಮ್ಮ ಹಿಂದೆ ನೀಲಿ ಎಂಟು ಗಿರಣಿಗೆ ಬಂತು. ಬಾಗಿಲು ತೆಗೀತು. ಜನ ಇಳೀತಿದ್ದಾರೆ. ಅದನ್ನ ಅಲ್ಲೇ ನಿಲ್ಲಿಸಿದ್ದಾರೆ, ಬೆಳಕಲ್ಲಿ. ಆ ಕಡೆ ಹಳದಿ ಹಳೇ ಸೇತುವೆಗೆ ಬರ್ತಿದೆ. ಬಂತು. ನಿಂತಿತು. ಅದೂ ಕಾಯುತ್ತೆ. ಎಲ್ರೂ ಕಾಯ್ತಿದ್ದಾರೆ ರೀ, ನೀವೊಬ್ರೇ ಅಲ್ಲ..."

ಎಷ್ಟು ಹೊತ್ತು ಹಾಗೆ ಹೇಳುತ್ತಿದ್ದಳೋ ಅವಳಿಗೆ ನೆನಪಿಲ್ಲ. ನಿಮಿಷಕ್ಕೆ ಹೆಸರಾದವಳಿಗೆ ಆ ಹೊತ್ತಿನ ಲೆಕ್ಕ ಇವತ್ತಿಗೂ ಸಿಕ್ಕಿಲ್ಲ. ಹೇಳುತ್ತಾ ಹೇಳುತ್ತಾ ಇದ್ದಾಗ ಕಂಟ್ರೋಲರಮ್ಮ ಅವಳ ಭುಜ ಮುಟ್ಟಿ ಬೋರ್ಡಿನತ್ತ ಕೈ ಮಾಡಿದರು. ಆ ಸಣ್ಣ ಕೆಂಪು ದೀಪ ಆರಿತ್ತು. ಅವನು ಬಾಗಿಲು ಹಾಕಿಕೊಂಡಿದ್ದ. ಹೋದ ಪ್ರಾಣ ಬಂದ ಹಾಗಾಯಿತು. ಕಂಟ್ರೋಲರಮ್ಮ ಕರೆಂಟಿನವರಿಗೆ ಬೇಡವೆಂದು ಹೇಳಿ ಫೋನ್ ಇಟ್ಟರು.

ಅಷ್ಟರಲ್ಲಿ ಆಸ್ಪತ್ರೆ ನಿಲ್ದಾಣದವರು ಚೀಲದ ಪಟ್ಟಿ ಕತ್ತರಿಸಿದರು. ಹಸಿರು ಒಂಬತ್ತು ಅಲುಗಿತು.

"ಹಸಿರು ಹೊರಟಿತು ರೀ. ಬಾಲ ದಾಟ್ತಾ ಇದೆ. ದಾಟ್ತು. ಈಗ ನಿಮ್ಮದೇ."

"ಸಿಗ್ನಲ್ ಬಿತ್ತು" ಎಂದಿತು ರೇಡಿಯೋ. ಸ್ವರ ಒಡೆದಿತ್ತು, ಆದರೆ ಅವನದೇ. "ಹೊರಟೆ ಕಣೇ."

ನೀಲಿ ದೀಪ ಜಂಕ್ಷನ್ ದಾಟಿ ನದಿಯ ಕೆಳಗೆ ಹೋಯಿತು, ಆಚೆ ದಡದಲ್ಲಿ ಎದ್ದಿತು. ನಿಮಿಷಮ್ಮ ಕುರ್ಚಿಯಲ್ಲಿ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು.

"ಆಚೆ ದಡದ ನಿಲ್ದಾಣದಲ್ಲಿ ಬೇರೆ ಡ್ರೈವರ್ ಹತ್ತುತ್ತಾರೆ" ಎಂದರು ಕಂಟ್ರೋಲರಮ್ಮ ಮೆಲ್ಲಗೆ. "ನಾನು ಮೇಲಿನವರಿಗೆ ಹೇಳ್ಲೇಬೇಕಮ್ಮ. ಇದನ್ನ ಮುಚ್ಚಿಡೋಕಾಗಲ್ಲ."

"ಹೇಳಿ ಮೇಡಂ."

"ಇನ್ನು ಅವರಿಗೆ ಗಾಡಿ ಕೊಡ್ತಾರೋ ಇಲ್ವೋ ನನಗೆ ಗೊತ್ತಿಲ್ಲ."

"ಬದುಕಿದ್ದಾರಲ್ಲ" ಎಂದು ಕಣ್ಣೊರೆಸಿಕೊಂಡಳು.

ಹಸಿರಣ್ಣ ಬಿಸ್ಕತ್ತಿನ ಪೊಟ್ಟಣ ಪಕ್ಕಕ್ಕಿಟ್ಟ. "ನನಗೆ ಗೊತ್ತಿರ್ಲಿಲ್ಲ ಅಕ್ಕ. ಚೂರು ನಿಂತ್ರೆ ಏನಾಗುತ್ತೆ ಅಂತ..." ಅವಳು ಅವನನ್ನು ಬೈಯಲು ಮಾತು ಹುಡುಕುತ್ತಿದ್ದಳು. ಆಗಲೇ ರೇಡಿಯೋ ಮತ್ತೆ ಗರಗರ ಎಂದಿತು. ಎಳೆಯ ಹೆಣ್ಣು ಸ್ವರ. ಆ ರೇಡಿಯೋದಲ್ಲಿ ತಾನಾಡಿದ ಒಂದೊಂದು ಮಾತೂ ಎಲ್ಲ ಗಾಡಿಗಳಲ್ಲೂ ಕೇಳಿಸಿತ್ತು ಎಂಬುದು ನಿಮಿಷಮ್ಮನಿಗೆ ಹೊಳೆದದ್ದು ಆಗ.

"ಮೇಡಂ, ಹಸಿರು ನಾಲ್ಕು ಮಾತಾಡ್ತಿರೋದು. ಆ ಅಕ್ಕ ಇನ್ನೂ ಅಲ್ಲೇ ಇದ್ದಾರಾ?"

ಕಂಟ್ರೋಲರಮ್ಮ ಗದರಲಿಲ್ಲ. ಮೈಕನ್ನು ಮತ್ತೆ ಅವಳ ಕಡೆ ತಳ್ಳಿದರು.

"ಇದ್ದೀನಮ್ಮ, ಹೇಳು."

"ಸಾಯಂಕಾಲ ಸರದಿ ಹಳೇದೇ ಅಲ್ವಾ ಅಕ್ಕ? ನೀಲಿ ಮೊದಲು, ನಾವು ಆಮೇಲೆ?"

"ಹೌದು."

"ಹಾಗಾದ್ರೆ ಸಾಯಂಕಾಲ ಅಲ್ಲಿ ನಿಲ್ಲೋದು ನಾನು. ದಿನಾ ನಿಲ್ತೀನಿ. ನಿಂತಾಗ ಕಣ್ಣು ಮುಚ್ಕೊಂಡು ನಮ್ಮಮ್ಮನ್ನ ಕರೀತಾ ಇರ್ತೀನಿ. ನನಗೊಬ್ಳಿಗೇ ಹೀಗಾಗುತ್ತೆ ಅಂದ್ಕೊಂಡು ಯಾರಿಗೂ ಹೇಳಿರ್ಲಿಲ್ಲ." ಆ ಹುಡುಗಿ ಮತ್ತೆ ಕೇಳಿದಳು. "ಸಾಯಂಕಾಲ ನನ್ನ ಹತ್ರಾನೂ ಹೀಗೇ ಮಾತಾಡ್ತೀರಾ ಅಕ್ಕ?"

ಹಸಿರಣ್ಣ ತಲೆ ತಗ್ಗಿಸಿ ಕೂತಿದ್ದ. ಅವನನ್ನು ಬೈಯಲೆಂದು ಹುಡುಕಿಟ್ಟಿದ್ದ ಮಾತುಗಳನ್ನೆಲ್ಲ ನಿಮಿಷಮ್ಮ ಅಲ್ಲಿಗೇ ಬಿಟ್ಟಳು. ಗಂಡನನ್ನು ಆ ಕತ್ತಲಿನಿಂದ ತಪ್ಪಿಸಿದ ಪ್ರತಿ ದಿನವೂ ಅವಳು ಅಲ್ಲಿ ಈ ಹುಡುಗಿಯನ್ನು ನಿಲ್ಲಿಸಿದ್ದಳು. ತನ್ನ ಕೈಯಿಂದಲೇ, ಅಂದವಾಗಿ ಗೆರೆ ಎಳೆದು.

"ಇಲ್ಲ ತಾಯಿ" ಎಂದಳು ಕೊನೆಗೆ. "ಸಾಯಂಕಾಲ ನೀನು ಅಲ್ಲಿ ನಿಲ್ಲಲ್ಲ."

ಮೈಕ್ ಕೆಳಗಿಟ್ಟು, ಸಂಜೆಯ ಪಟ್ಟಿ ಕೊಡೆಂದು ಹಸಿರಣ್ಣನ ಮುಂದೆ ಕೈ ಚಾಚಿದಳು. ಅವನು ಪಟ್ಟಿಯನ್ನೂ ಪೆನ್ನನ್ನೂ ಕೊಟ್ಟು, ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. ಮೊದಲ ಉಸಿರನ್ನು ಅವಳು ಹಸಿರು ನಾಲ್ಕಕ್ಕೆ ಬರೆಯುತ್ತಿದ್ದಾಗ, ಹಸಿರಣ್ಣ ಕಾಗದವನ್ನು ಒತ್ತಿ ಹಿಡಿದುಕೊಂಡಿದ್ದ.